ಬೋರ್ಡಿಲ್ಲದ ಮನೆ

ಮಾರ್ಚ್ 3

ಗುಂಡುಸೂಜಿ,

ನಾನು ಚೆನ್ನಾಗಿದ್ದೇನೆ. ನೀನು ಹೇಗಿದ್ದರೂ ಚೆನ್ನಾಗಿದ್ದೇನೆ ಎಂದೇ ಬರೆಯುವವಳು, ಆದ್ದರಿಂದ ಕೇಳುವುದಿಲ್ಲ.

ಸ್ವಂತ ಸೋದರಮಾವನಿಗೆ ಮನೆಯ ವಿಳಾಸ ಕೊಡದೆ, ಬರೀ ಅಂಚೆಪೆಟ್ಟಿಗೆಯ ನಂಬರು ಹಾಕಿ ಕಾಗದ ಬರೆಯುವವಳು ಈ ಪ್ರಪಂಚದಲ್ಲಿ ನೀನೊಬ್ಬಳೇ ಇರಬೇಕು. ಇರಲಿ. ಗಂಡನ ಏಟು ತಡೆಯಲಾರದೆ ಓಡಿಬಂದ ಹೆಂಗಸರನ್ನು ಬಚ್ಚಿಡುವ ಮನೆ, ನಿಮ್ಮ ನಿಯಮ ನಿಮಗೆ. ನಮ್ಮೂರಿನ ಹೆಂಗಸನ್ನು ನಮ್ಮೂರಲ್ಲೇ ಬಚ್ಚಿಟ್ಟರೆ ಸಂಜೆಯೊಳಗೆ ತರಕಾರಿ ಗಾಡಿಯವನಿಗೂ ಗೊತ್ತಾಗುತ್ತದೆ, ಅದಕ್ಕೇ ನಿಮ್ಮೂರಿಗೆ ಕಳಿಸುವುದು ಎಂಬುದೂ ನನಗೆ ತಿಳಿಯುತ್ತದೆ. ಏಳನೇ ಕ್ಲಾಸಿಗೇ ಮೇಷ್ಟರು ಕೈಮುಗಿದು ಮನೆಗೆ ಕಳಿಸಿದರೂ ತಲೆ ಇನ್ನೂ ಓಡುತ್ತಿದೆ.

ಆದರೆ ನಗರಸಭೆಯಲ್ಲಿ ಎಲ್ಲರಿಗೂ ತಿಳಿಯಬೇಕಲ್ಲ. ಸಿಮೆಂಟ್ ಅಂಗಡಿಯ ಸದಸ್ಯ ಈ ಸಲ ಹಟ ಹಿಡಿದಿದ್ದಾನೆ. 'ನಮ್ಮೂರ ತೆರಿಗೆ ದುಡ್ಡು ಪರವೂರಿನ ಸಂಸ್ಥೆಗೆ ಯಾಕ್ರೀ ಕೊಡ್ಬೇಕು? ಆ ಮನೇನ ಕಣ್ಣಲ್ಲಿ ಕಂಡವರು ಯಾರಿದಾರೆ?' ಎನ್ನುತ್ತಾನೆ. ಅನುದಾನ ನಿಂತರೆ ಬಾಡಿಗೆ, ಕಾವಲುಗಾರ್ತಿ, ಡಾಕ್ಟರು, ವಕೀಲರು ಎಲ್ಲ ನಿಂತಂತೆ ಎಂದು ಬರೆದಿದ್ದೀಯ. ಹೆದರಬೇಡ. ಈ ಊರಿನಲ್ಲಿ ನಲ್ಲಿ, ಬೆಂಚು, ಬಸ್ ತಂಗುದಾಣ, ಯಾವುದರ ಮೇಲೆ ನೋಡಿದರೂ ಯಾರ ಹೆಸರಿದೆ? ನಿನ್ನ ಮನೆ ನನಗೊಂದು ಲೆಕ್ಕವೇ?

ನಿಜ ಹೇಳುವುದಾದರೆ ಇಂಥ ಕೇಸುಗಳಿಗೆ ಮನೆಯೇ ಬೇಕಿಲ್ಲ, ನನ್ನಂಥವನೊಬ್ಬ ಸಾಕು. ನನ್ನ ಬೋರ್ಡುಗಳನ್ನೆಲ್ಲ ಬರೆಯುವ ಪೇಂಟರ್ ಇದ್ದಾನಲ್ಲ, ಬಾಯಲ್ಲಿ ಬೆರಳಿಟ್ಟರೂ ಕಚ್ಚದ ಆಸಾಮಿ, ಹೋದ ತಿಂಗಳು ಅವನ ಹೆಂಡತಿ ಅಳುತ್ತ ನಮ್ಮನೆ ಬಾಗಿಲಿಗೆ ಬಂದಳು. ಅವನನ್ನೂ ಕರೆಸಿದೆ. ಎದುರುಬದುರು ಕೂರಿಸಿ, ಅವನ ಕಿವಿ ಹಿಂಡಿ, ಇವಳಿಗೆ ಎರಡು ಬುದ್ಧಿಮಾತು ಹೇಳಿ, ಕಾಫಿ ಕುಡಿಸಿ ಒಟ್ಟಿಗೆ ಕಳಿಸಿದೆ. ಅರ್ಧ ಗಂಟೆಯಲ್ಲಿ ಸಂಸಾರ ರಿಪೇರಿ. ನಿನ್ನ ಅತ್ತೆ ಮಾತ್ರ ಪತ್ತೇದಾರಳಂತೆ, 'ಲೋಟ ಎಡಗೈಲಿ ಹಿಡಿದಿದ್ಳು, ಬಲಗೈ ಸೆರಗಿನಿಂದ ಈಚೆಗೇ ಬರ್ಲಿಲ್ಲ, ನೋಡಿದ್ರಾ?' ಎಂದಳು. ಎಡಚಿ ಇರಬೇಕು ಬಿಡೇ ಎಂದೆ.

ನಿನ್ನ ಮಾವ


ಮಾರ್ಚ್ 12

ಪ್ರೀತಿಯ ಮಾವ,

ನಿನ್ನನ್ನು ಬಿಟ್ಟರೆ ಆ ಸಭೆಯಲ್ಲಿ ನಮ್ಮ ಪರವಾಗಿ ಗಂಟಲು ತೆರೆಯುವವರು ಯಾರೂ ಇಲ್ಲ. ನೀನು ಎದ್ದು ನಿಂತರೆ ಸಿಮೆಂಟ್ ಅಂಗಡಿಯವರೂ ಕೂರುತ್ತಾರೆ ಎಂದು ಅಮ್ಮ ಯಾವಾಗಲೂ ಹೇಳುತ್ತಾಳೆ. (ಹೊಗಳಿಕೆ ಸಾಕೋ, ಇನ್ನೂ ಬೇಕೋ?)

ಈ ತಿಂಗಳು ಮನೆ ಭರ್ತಿ. ಮಕ್ಕಳು ಚಾಪೆಯ ಮೇಲೆ ಮಲಗುತ್ತಿದ್ದಾರೆ. ಅನುದಾನದ ಜೊತೆ ನಾಲ್ಕಾರು ಕಬ್ಬಿಣದ ಮಂಚ ಸಿಕ್ಕರೆ ಇಲ್ಲಿನ ಎಲ್ಲರೂ ನಿನ್ನನ್ನು ನೆನೆಯುತ್ತಾರೆ.

ನೀನು ರಿಪೇರಿ ಮಾಡಿ ಕಳಿಸಿದ ಆ ಹೆಣ್ಣುಮಗಳು ಆಮೇಲೆ ಹೇಗಿದ್ದಾಳೆ ಎಂದು ಹೋಗಿ ನೋಡಿದೆಯಾ? ಸುಮ್ಮನೆ ಕೇಳಿದೆ.

ಗುಂಡುಸೂಜಿ


ಏಪ್ರಿಲ್ 2

ಗುಂಡುಸೂಜಿ,

ಕೂತಿದ್ದರೆ ಎದ್ದು ನಿಂತು ಓದು. ಅನುದಾನ ಪಾಸಾಯಿತು, ಮಂಚಗಳೂ ಪಾಸಾದವು.

ನೀನು ಇರಬೇಕಿತ್ತು. ಸಿಮೆಂಟ್ ಅಂಗಡಿಯವನು ಎದ್ದು, 'ಕಾಣದ ಮನೆಗೆ ಕಾಸು ಕೊಡೋದು ಅಂದ್ರೆ ಗಾಳಿಗೆ ಸುಣ್ಣ ಬಳಿದ ಹಾಗೆ' ಎಂದ. ನಾನು ನಿಧಾನವಾಗಿ ಎದ್ದು, ಹೆಗಲ ಟವೆಲ್ ಸರಿಮಾಡಿಕೊಂಡು, 'ನಿಮ್ಮ ಅಂಗಡಿ ಸಿಮೆಂಟಲ್ಲಿ ಕಟ್ಟಿದ ಚರಂಡಿನೂ ಕಾಣ್ತಿಲ್ಲವಲ್ಲ ಸ್ವಾಮಿ, ಅದಕ್ಕೆ ಕಾಸು ಕೊಟ್ಟಿಲ್ವಾ?' ಎಂದೆ. ಅಧ್ಯಕ್ಷೆಯಮ್ಮನೇ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಅಲ್ಲಿಗೆ ಮುಗಿಯಿತು.

ಆದರೂ ಅವನ ಬಾಯಿ ಶಾಶ್ವತವಾಗಿ ಮುಚ್ಚಬೇಕಲ್ಲ. ಮನೆಯ ಮುಂದೆ ಒಂದು ಬೋರ್ಡು ಹಾಕಿಸಿ ಫೋಟೋ ತೆಗೆದು ಸಭೆಯಲ್ಲಿ ಇಡುತ್ತೇನೆ. ಒಕ್ಕಣೆ ನಾನೇ ಬರೆದೆ. 'ನೊಂದ ಮಹಿಳೆಯರ ಆಶ್ರಯಮನೆ. ಸನ್ಮಾನ್ಯ ಸದಸ್ಯರ ಅವಿರತ ಶ್ರಮದ ಫಲ.' ಪೇಂಟರ್ ಮೂರು ಸಲ ಓದಿಸಿ ಬರೆದುಕೊಂಡ. 'ಅವಿರತ ಅನ್ನೋದಕ್ಕೆ ಕೆಂಪು ನೆರಳು ಕೊಡ್ತೀನಿ ಅಣ್ಣಾ, ದೂರದಿಂದ್ಲೇ ಎದ್ದು ಕಾಣುತ್ತೆ' ಎಂದ. ಪಾಪ, ಅವನ ಹೆಂಡತಿ ಹೇಳದೆ ಕೇಳದೆ ಎಲ್ಲಿಗೋ ಹೊರಟುಹೋಗಿದ್ದಾಳೆ. ತವರಿನಲ್ಲೂ ಇಲ್ಲವಂತೆ. ಊಟ ಸೇರದೆ ಸೊರಗಿದ್ದಾನೆ. ನಿನ್ನ ಮನೆಯ ವಿಚಾರ ಹೇಳಿದಾಗ ಮಾತ್ರ ಮುಖದಲ್ಲಿ ಒಂದಿಷ್ಟು ಕಳೆ ಬಂತು. ಒಳ್ಳೆಯ ಕೆಲಸ ಎಂದರೆ ಅವನಿಗೆ ಅಷ್ಟು ಆಸಕ್ತಿ.

ಬೋರ್ಡು ಎಲ್ಲಿಗೆ ಕಳಿಸಲಿ?

ನಿನ್ನ ಮಾವ


ಏಪ್ರಿಲ್ 9

ಪ್ರೀತಿಯ ಮಾವ,

ಅನುದಾನಕ್ಕೆ ಇಡೀ ಮನೆಯ ಪರವಾಗಿ ನಮಸ್ಕಾರ. ಸುದ್ದಿ ಓದಿ ಅಡುಗೆಮನೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು.

ಬೋರ್ಡು ಬೇಡ. ಫೋಟೋನೂ ಬೇಡ. ಈ ಬೀದಿಯವರಿಗೆ ನಾವು ಹೊಲಿಗೆ ಕಲಿಸುವವರು, ಅಷ್ಟೇ. ಮಂಚಗಳನ್ನು ಲಾರಿ ಆಫೀಸಿನ ಗೋಡೌನಿನಲ್ಲಿ ಇಳಿಸಿ ಹೋಗಲಿ, ನಮ್ಮವರು ಯಾವಾಗಲೋ ಬಂದು ಒಯ್ಯುತ್ತಾರೆ. ಲಾರಿಯ ಜೊತೆ ಡ್ರೈವರ್ ಬಿಟ್ಟು ಬೇರೆ ಯಾರೂ ಬರಬಾರದು.

ಇನ್ನೊಂದು ಮಾತು. ಆ ಪೇಂಟರ್ ಹತ್ತಿರ ನಮ್ಮ ವಿಷಯ ಎತ್ತಲೇಬೇಡ. ಕಾರಣ ಕೇಳಬೇಡ, ಹೇಳುವ ಹಾಗಿಲ್ಲ. ನನ್ನ ಮೇಲೆ ಆಣೆ ಎಂದುಕೋ.

ಗುಂಡುಸೂಜಿ


ಏಪ್ರಿಲ್ 20

ಗುಂಡುಸೂಜಿ,

ಬೋರ್ಡು ಬೇಡವೆಂದೆ, ಬಿಟ್ಟೆ. ನನಗೇನು ಹೆಸರಿನ ಹುಚ್ಚೇ? (ನಿನ್ನ ಅತ್ತೆ ಪಕ್ಕದಲ್ಲಿ ನಿಂತು ಇದನ್ನು ಓದಿ ಕೆಮ್ಮುತ್ತಿದ್ದಾಳೆ.)

ಮಂಚಗಳು ಹೊರಟವು. ನಗರಸಭೆಯ ಸ್ವತ್ತಿನ ಮೇಲೆ ಗುರುತು ಬರೆಯಬೇಕೆಂಬುದು ಕಾನೂನು, ಅದರ ಕೆಳಗೆ ನನ್ನ ಹೆಸರೂ ಇದೆ, ಅದಕ್ಕೆ ನಾನು ಜವಾಬ್ದಾರನಲ್ಲ. ಎರಡು ಮಂಚದ ಬಣ್ಣ ಇನ್ನೂ ಹಸಿಯಾಗಿತ್ತು. ಪೇಂಟರ್ ತಾನಾಗಿಯೇ ಬಂದು, 'ಲಾರೀಲಿ ಉಜ್ಜಿ ಅಕ್ಷರ ಹಾಳಾಗ್ತವೆ ಅಣ್ಣಾ, ನಾನೂ ಹತ್ಕೊಳ್ಲಾ? ಅಲ್ಲೇ ತಿದ್ದಿಕೊಟ್ಟು ಬರ್ತೀನಿ' ಎಂದ. ಯಾರೂ ಬರಬಾರದು ಎಂದರೆ ನೋಡಿ ಹೋಗಲು ಬರುವ ಹಲ್ಲುಗಿಂಜುಕರು ಎಂದು ನಾನು ಅರ್ಥ ಮಾಡಿಕೊಂಡೆ. ಇವನು ಕೆಲಸಗಾರ. ನೀನು ಅವನ ಮೇಲೆ ಯಾಕೆ ಮುನಿದಿದ್ದೀಯೋ, ನಾನು ರಾಜಿ ಮಾಡಿಸಿದ್ದು ನಿನಗೆ ಹಿಡಿಸಲಿಲ್ಲವೇನೋ. ದೊಡ್ಡವರ ರಾಜಿಯಲ್ಲಿ ಸಣ್ಣವರು ಹುಳುಕು ಹುಡುಕಬಾರದು.

ಹೋದವನು ಇನ್ನೂ ವಾಪಸು ಬಂದಿಲ್ಲ. ನಿಮ್ಮೂರು ಸುತ್ತುತ್ತಿದ್ದಾನೋ ಏನೋ. ಸುತ್ತಲಿ, ಮನಸ್ಸು ಹಗುರವಾದೀತು.

ಮಂಚ ಹೇಗಿವೆ ಎಂದು ಬರೆ.

ನಿನ್ನ ಮಾವ


ಮೇ 1

ಮಾನ್ಯ ಸದಸ್ಯರಿಗೆ,

ಮಂಚ ಚೆನ್ನಾಗಿದ್ದವು. ಅವುಗಳ ಮೇಲೆ ಮಕ್ಕಳು ಮಲಗಿದ್ದು ಒಂದೇ ವಾರ.

ಆ ಮನೆ ಈಗ ಇಲ್ಲ. ಆದ್ದರಿಂದ ಬರೆಯಬಹುದು. ಮಂಚ ಒಯ್ಯಲು ಹೋದ ನಮ್ಮ ಗಾಡಿಯ ಹಿಂದೆಯೇ ನಿಮ್ಮ ಕೆಲಸಗಾರ ಬಂದಿದ್ದಾನೆ. ವಾರದ ಮೇಲೆ ಒಂದು ಬೆಳಗ್ಗೆ ಹಾಲಿನವಳು, 'ಹೊಲಿಗೆ ಕ್ಲಾಸು ಅಂತಿದ್ರಿ, ಗೋಡೆ ಮೇಲೆ ಬೇರೆಯೇ ಬರೆಸಿದೀರಲ್ಲ' ಎಂದಳು. ಹೊರಗೆ ಹೋಗಿ ನೋಡಿದೆ. 'ನೊಂದ ಮಹಿಳೆಯರ ಆಶ್ರಯಮನೆ. ಸನ್ಮಾನ್ಯ ಸದಸ್ಯರ ಅವಿರತ ಶ್ರಮದ ಫಲ.' ನೀವು ಬರೆದುಕೊಟ್ಟಿದ್ದರಲ್ಲಿ ಒಂದಕ್ಷರ ಆಚೀಚೆ ಆಗಿರಲಿಲ್ಲ. ಕೆಂಪು ನೆರಳು ದೂರದಿಂದಲೇ ಎದ್ದು ಕಾಣುತ್ತಿತ್ತು. ಅವನು ಎದುರಿನ ಅಂಗಡಿಯ ಕಟ್ಟೆಯ ಮೇಲೆ ಕೂತು ಕುಂಚ ಒರೆಸಿಕೊಳ್ಳುತ್ತಿದ್ದ.

ಅವನ ಹೆಂಡತಿ ನನ್ನ ಹಿಂದೆ ಬಂದು ನಿಂತು ಗೋಡೆ ನೋಡಿದಳು. ಹೌದು, ಅವಳು ನಮ್ಮಲ್ಲೇ ಇದ್ದಳು. ಅಕ್ಷರ ನೋಡಿದ ಕೂಡಲೇ ಗುರುತು ಹಿಡಿದಳು. ಒಳಗೆ ಹೋಗಿ ಸೀರೆ ಮಡಚತೊಡಗಿದಳು. ನಾನು ಬಾಗಿಲಿಗೆ ಅಡ್ಡ ನಿಂತೆ. 'ಬಿಡಿ ಅಕ್ಕಾ, ನಾನು ಹೋಗ್ಲಿಲ್ಲ ಅಂದ್ರೆ ಅವನು ಒಳಗೆ ಬರ್ತಾನೆ. ಒಳಗೆ ಮಕ್ಕಳಿದಾವೆ' ಎಂದಳು. ಪೊಲೀಸರು ಬಂದಾಗ ತಾನೇ ಇಷ್ಟಪಟ್ಟು ಹೋಗುತ್ತಿದ್ದೇನೆ ಎಂದು ಹೇಳಿಕೆ ಕೊಟ್ಟಳು. ಗೋಡೆ ಕೆಡಿಸಿದ್ದಕ್ಕೆ ಅವನಿಗೆ ದಂಡ ಹಾಕಿದರು. ಕಟ್ಟಿ, ರಸೀದಿ ಮಡಚಿ ಜೇಬಿನಲ್ಲಿಟ್ಟುಕೊಂಡು, ಅವಳ ಚೀಲ ತಾನೇ ಹಿಡಿದು ಕರೆದುಕೊಂಡು ಹೋದ.

ಸಂಜೆಯೊಳಗೆ ಮನೆ ಖಾಲಿ ಮಾಡಿದೆವು. ಉಳಿದವರನ್ನು ಹೇಗೋ ಅಲ್ಲಲ್ಲಿ ಸೇರಿಸಿದೆವು. ಇಬ್ಬರು, ಗೋಡೆ ಮೇಲೆ ಹೆಸರು ಬಿದ್ದಮೇಲೆ ಇನ್ನೆಲ್ಲಿ ಬಚ್ಚಿಟ್ಟುಕೊಳ್ಳೋದು ಎಂದು ಅವರವರ ಗಂಡಂದಿರ ಮನೆಗೇ ಹೋದರು.

ಸಂಸ್ಥೆಯ ಪರವಾಗಿ,
ವ್ಯವಸ್ಥಾಪಕಿ


ಮೇ 6

ಮಗಳೇ,

ಮೂರು ಕಾಗದ ಬರೆದು ಹರಿದೆ. ಮೊದಲನೆಯದರಲ್ಲಿ ನೀನು ಮೊದಲೇ ಹೇಳಬಾರದಿತ್ತೇ ಎಂದು ಬರೆದಿದ್ದೆ. ಎರಡನೆಯದರಲ್ಲಿ ಪೇಂಟರನಿಗೆ ಬೈದಿದ್ದೆ. ಮೂರನೆಯದರಲ್ಲಿ ನನ್ನನ್ನೇ ಬೈದುಕೊಂಡಿದ್ದೆ. ಓದಿ ನೋಡಿದರೆ ಅದರಲ್ಲೂ ನಾನೇ ದೊಡ್ಡವನಾಗಿ ಕಾಣುತ್ತಿದ್ದೆ.

ಅವಳು ಇಲ್ಲಿದ್ದಾಳೆ. ನಮ್ಮ ಹಿಂದಿನ ಬೀದಿ. ಕಿಟಕಿ ಮುಚ್ಚಿದೆ. ಅವನು ಮನೆಗೆ ಬಂದಿದ್ದ. 'ನಿಮ್ಮ ದಯೆಯಿಂದ ಸಂಸಾರ ಒಂದಾಯ್ತು ಅಣ್ಣಾ' ಎಂದು ಕಾಲು ಮುಟ್ಟಿದ. ನಾನು ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಎಳೆದುಕೊಂಡರೆ ಆ ಸಿಟ್ಟನ್ನು ಅವನು ಎಲ್ಲಿಗೆ ಒಯ್ಯುತ್ತಾನೆ ಎಂದು ಆಗ ಹೊಳೆಯಿತು.

ನಿನ್ನ ಅತ್ತೆ ನನ್ನ ಜೊತೆ ಮಾತಾಡುತ್ತಿಲ್ಲ. ತಟ್ಟೆ ಇಡುತ್ತಾಳೆ, ಹೋಗುತ್ತಾಳೆ.

ಮಾವ


ಮೇ 14

ಮಾವನವರಿಗೆ,

ನಿಮ್ಮ ನಗರಸಭೆಯಿಂದ ನೋಟೀಸು ಬಂದಿದೆ. ಮನೆ ಮುಚ್ಚಿರುವುದರಿಂದ ಅನುದಾನವನ್ನು ಯಾಕೆ ವಾಪಸು ಪಡೆಯಬಾರದು ಎಂದು ಕೇಳಿದ್ದಾರೆ. ಮುಂದಿನ ತಿಂಗಳ ಸಭೆಯಲ್ಲಿ ತೀರ್ಮಾನವಂತೆ. ಬೇರೆ ಬೀದಿಯಲ್ಲಿ ಬೇರೆ ಮನೆ ನೋಡಿದ್ದೇವೆ. ಆ ಹಣ ಹೋದರೆ ಅದೂ ಹೋಗುತ್ತದೆ. ನಿಮ್ಮಿಂದ ಏನನ್ನೂ ಕೇಳಲು ಇದನ್ನು ಬರೆಯುತ್ತಿಲ್ಲ. ಕೇಳಿದ್ದೇ ತಪ್ಪಾಗಿತ್ತು.

ಅನುದಾನ ಬೇಕಿತ್ತು. ನಿಮ್ಮನ್ನು ಹೊಗಳಿದರೆ ಬರುತ್ತದೆ ಎಂದು ಚಿಕ್ಕಂದಿನಿಂದ ಗೊತ್ತಿತ್ತು, ಹೊಗಳಿದೆ. ಉಬ್ಬಿದ ಮೇಲೆ ನೀವು ಊರಿಗೆಲ್ಲ ಹೇಳುತ್ತೀರಿ ಎಂಬುದೂ ಗೊತ್ತಿತ್ತು. 'ಅವಳು ಇಲ್ಲಿದ್ದಾಳೆ, ಅವನನ್ನು ಹತ್ತಿರ ಸೇರಿಸಬೇಡ' ಎಂದು ಒಂದು ಸಾಲು ಬರೆದಿದ್ದರೆ ಸಾಕಿತ್ತು. ನಿಯಮ ಬಿಡಲಿಲ್ಲ. ನಿಯಮಕ್ಕಿಂತ ಹೆಚ್ಚಾಗಿ, ನಿಮ್ಮ ಬಾಯಿಯ ಮೇಲೆ ನಂಬಿಕೆ ಇರಲಿಲ್ಲ. ನಂಬಿಕೆ ಇಲ್ಲದವರಿಂದ ಮಂಚ ತರಿಸಿಕೊಂಡೆ. ಮಲಗಿದರೆ ಇದೇ ತಲೆಯಲ್ಲಿ ಸುತ್ತುತ್ತದೆ.

ಆ ಇಬ್ಬರ ಸುದ್ದಿ ಇನ್ನೂ ಇಲ್ಲ.


ಮೇ 22

ಗುಂಡುಸೂಜಿ,

ಈ ಗುರುವಾರ ಮಾರುಕಟ್ಟೆ ಎದುರಿನ ಉದ್ದನೆಯ ಗೋಡೆಯ ಮೇಲೆ ನನ್ನ ಹೆಸರನ್ನು ಎಲ್ಲ ಬಿರುದುಗಳ ಸಮೇತ ಬರೆಸುತ್ತಿದ್ದೇನೆ. ಪೇಂಟರ್ ಒಪ್ಪಿದ್ದಾನೆ. ಬೆಳಗ್ಗೆ ಏಣಿ ಹತ್ತಿದರೆ ಕತ್ತಲಾಗುವವರೆಗೂ ಇಳಿಯಬಾರದು, ಮಧ್ಯಾಹ್ನದ ಊಟ ನಾನೇ ಅಲ್ಲಿಗೆ ತರಿಸುತ್ತೇನೆ ಎಂದು ಕರಾರು. ಊರಿಗೆ ಊರೇ ನೋಡಲು ಬರುತ್ತದೆ.

ಅದೇ ದಿನ ನಿನ್ನ ಅತ್ತೆ ಹಲ್ಲು ತೋರಿಸಲು ನಿಮ್ಮೂರಿಗೆ ಬರುತ್ತಾಳೆ. ಮಧ್ಯಾಹ್ನದ ಬಸ್ಸು. ಬಸ್ ಸ್ಟ್ಯಾಂಡಿಗೆ ತಪ್ಪದೆ ಬಾ. ಈ ಸಲ ಕಾಗದದಲ್ಲಿ ಹೆಚ್ಚು ಬರೆಯುವುದಿಲ್ಲ.

ಮಾವ


ಮೇ 25

ಮಾವನವರಿಗೆ,

ಓದಿದೆ. ಇಷ್ಟೆಲ್ಲ ಆದಮೇಲೂ ಗೋಡೆ, ಅದೂ ಅವನ ಕೈಯಲ್ಲೇ. ಅವನಿಗೆ ಊಟವನ್ನೂ ತರಿಸಿಕೊಡುತ್ತೀರಿ.

ಅತ್ತೆಗಾಗಿ ಬಸ್ ಸ್ಟ್ಯಾಂಡಿಗೆ ಬರುತ್ತೇನೆ. ನೀವು ಇನ್ನು ಮುಂದೆ ಬರೆಯುವುದು ಬೇಡ.


ಜೂನ್ 2

ಮಾವ,

ಬಸ್ಸಿನಿಂದ ಅತ್ತೆ ಇಳಿದರು. ಅವರ ಹಿಂದೆ ಅತ್ತೆಯದೇ ಹಳೆಯ ಸೀರೆ ಉಟ್ಟು, ತಲೆ ಮೇಲೆ ಸೆರಗು ಹೊದ್ದು ಇನ್ನೊಬ್ಬಳು ಇಳಿದಳು. ಬಲಗೈಗೆ ಮತ್ತೆ ಪಟ್ಟಿ ಬಿದ್ದಿತ್ತು.

ಊರಿನಲ್ಲಿ ಬಸ್ಸಿಗೆ ಕಾಯುತ್ತ ಮರೆಯಿಂದ ಕಂಡದ್ದನ್ನೆಲ್ಲ ಅತ್ತೆ ಹೇಳಿದರು. ನೀವು ಗೋಡೆಯ ಕೆಳಗೆ ಕುರ್ಚಿ ಹಾಕಿಕೊಂಡು ಕೂತದ್ದು, ಅವನು ಇಳಿಯಲು ಹೊರಟಾಗಲೆಲ್ಲ, 'ಜನಪ್ರಿಯ ಅಂತ ಸೇರ್ಸು' ಎಂದು ಮತ್ತೆ ಹತ್ತಿಸಿದ್ದು, ಬಸ್ಸು ತಡವಾಯಿತೆಂದು ಗೊತ್ತಾದಾಗ 'ಧೀಮಂತ'ವನ್ನು ಅಳಿಸಿ ದೊಡ್ಡದಾಗಿ ಬರೆಸಿದ್ದು. ನಾನು ಅತ್ತೆಯ ಎದುರು ನಕ್ಕೆ, ಆಮೇಲೆ ಬಚ್ಚಲಿಗೆ ಹೋಗಿ ನೀರು ಬಿಟ್ಟುಕೊಂಡು ಕೂತೆ.

ಹಿಂದಿನ ಕಾಗದದಲ್ಲಿ ಬರೆದದ್ದನ್ನು ವಾಪಸು ತೆಗೆದುಕೊಳ್ಳುತ್ತೇನೆ. ಮೇ ಒಂದರದ್ದನ್ನು ತೆಗೆದುಕೊಳ್ಳುವುದಿಲ್ಲ. ನಿಮಗೂ ಅದು ಬೇಕಿಲ್ಲ ಎಂದುಕೊಂಡಿದ್ದೇನೆ.

ಅವಳಿಗೆ ನಮ್ಮ ಅಂಚೆಪೆಟ್ಟಿಗೆಯ ನಂಬರು ಮೊದಲು ಕೊಟ್ಟವರು ಯಾರು ಎಂದು ಈಗ ಗೊತ್ತಾಯಿತು. ನೀವು ರಾಜಿ ಮಾಡಿಸಿದ ದಿನವೇ, ನಿಮ್ಮ ಎದುರಿಗೇ, ಕಾಫಿ ಲೋಟದ ತಳಕ್ಕೆ ಚೀಟಿ ಒತ್ತಿ ಕೊಟ್ಟರಂತೆ ಅತ್ತೆ. ಎಡಗೈಗೆ.

ಗುಂಡುಸೂಜಿ


ಜೂನ್ 30

ಗುಂಡುಸೂಜಿ,

ಸಭೆ ಆಯಿತು. ಮೊದಲು ಅದನ್ನೇ ಬರೆಯುತ್ತೇನೆ.

ಸಿಮೆಂಟ್ ಅಂಗಡಿಯವನು ಎದ್ದ ಕೂಡಲೇ, 'ಧೀಮಂತ ಸದಸ್ಯರು ಮೊದಲು ಮಾತಾಡ್ಲಿ' ಎಂದ. ಎಲ್ಲರೂ ನಕ್ಕರು. ಗೋಡೆಯನ್ನು ನೋಡದವರು ಊರಲ್ಲಿ ಯಾರೂ ಉಳಿದಿಲ್ಲ. ಪಕ್ಕದೂರಿನಿಂದಲೂ ಬಂದು ಓದಿಕೊಂಡು ಹೋಗುತ್ತಾರಂತೆ. ನಾನು ಎದ್ದೆ. ಟವೆಲ್ ಸರಿಮಾಡಿಕೊಳ್ಳಲಿಲ್ಲ.

'ನಂಗೆ ಹೆಸರಿನ ಹುಚ್ಚು ಅಂತ ನಿಮಗೆಲ್ಲ ಗೊತ್ತಲ್ಲ. ಆ ಮನೆಗೆ ಬೋರ್ಡು ಬೇಕು ಅಂದೋನು ನಾನೇ. ಊರೆಲ್ಲ ಹೇಳ್ಕೊಂಡು ತಿರುಗ್ದೋನೂ ನಾನೇ. ಗೋಡೆ ಮೇಲೆ ಹೆಸರು ಬಿತ್ತು, ಮನೆ ಹೋಯ್ತು. ಅದಕ್ಕೇ ಹೇಳ್ತಿದೀನಿ, ಈ ದುಡ್ಡಿಗೆ ಬೋರ್ಡು ಬೇಡ, ಫೋಟೋ ಬೇಡ, ಯಾರೂ ಹೋಗಿ ನೋಡೋದೂ ಬೇಡ. ಆಡಿಟರು ರಸೀದಿ ನೋಡ್ಲಿ, ಸಾಕು. ನನ್ನಂಥೋನು ಇನ್ನೊಬ್ಬ ಈ ಕುರ್ಚಿಗೆ ಬಂದೇ ಬರ್ತಾನೆ. ಅವನ ಕೈಗೂ ಸಿಗದ ಹಾಗೆ ಠರಾವು ಬರ್ಕೊಳ್ಳಿ' ಎಂದೆ.

ಯಾರೂ ನಗಲಿಲ್ಲ. ಅಧ್ಯಕ್ಷೆಯಮ್ಮ ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಸಿಮೆಂಟ್ ಅಂಗಡಿಯವನು ವಿರುದ್ಧ ಕೈ ಎತ್ತಲಿಲ್ಲ, ಪರವಾಗಿಯೂ ಎತ್ತಲಿಲ್ಲ, ಮೂಗು ಕೆರೆದುಕೊಂಡ. ಪಾಸಾಯಿತು. ಹಣ ನಿಮ್ಮಲ್ಲೇ ಉಳಿಯುತ್ತದೆ. ಹೊರಗೆ ಬಂದಾಗ ಯಾರಿಗಾದರೂ ಹೇಳಿಕೊಳ್ಳಬೇಕು ಎನ್ನಿಸಿತು. ಮನೆಗೆ ನಡೆದು ಬಂದೆ.

ಅವಳು ಎಲ್ಲಿದ್ದಾಳೆಂದು ನಿನ್ನ ಅತ್ತೆಯನ್ನು ನಾನು ಕೇಳಿಲ್ಲ. ಹೇಳಲು ಬಂದರೆ ಎದ್ದು ಹಿತ್ತಲಿಗೆ ಹೋಗುತ್ತೇನೆ. ಈಗ ಮಾತಾಡುತ್ತಿದ್ದಾಳೆ. 'ಉಪ್ಪು ಸಾಕಾ?' ಎನ್ನುವಷ್ಟು.

ಗಂಡನ ಮನೆಗೇ ಹೋದ ಆ ಇಬ್ಬರ ವಿಷಯ ನೀನು ಈ ಸಲ ಬರೆಯಲಿಲ್ಲ. ಸುದ್ದಿ ಇಲ್ಲದೆ ಬರೆಯಲಿಲ್ಲವೋ, ಸುದ್ದಿ ಇದ್ದು ಬರೆಯಲಿಲ್ಲವೋ. ಅವರ ಮುಖ ನಾನು ಕಂಡವನಲ್ಲ. ಆದರೂ ಬಸ್ಸಿನಲ್ಲಿ ಕಿಟಕಿ ಪಕ್ಕ ಯಾವ ಹೆಂಗಸು ಕೂತಿದ್ದರೂ ಅವಳ ಕೈ ನೋಡುತ್ತೇನೆ.

ಗೋಡೆಯ ಪಕ್ಕದಲ್ಲೇ ದಿನಾ ಹೋಗಬೇಕು, ನಗರಸಭೆಗೆ ಬೇರೆ ದಾರಿ ಇಲ್ಲ. ಜನನಾಯಕ, ಜನಪ್ರಿಯ, ಧೀಮಂತ, ನೊಂದವರ ಬಂಧು. ಕೊನೆಯದನ್ನು ಪೇಂಟರೇ ಸೇರಿಸಿದ, ನಾನು ಹೇಳಿದ್ದಲ್ಲ. ಶಾಲೆ ಮಕ್ಕಳು ಗಟ್ಟಿಯಾಗಿ ಓದುತ್ತಾರೆ. ಸುಣ್ಣ ಹೊಡೆಸಿಬಿಡೋಣ ಎಂದು ಒಂದು ದಿನ ಬಕೆಟ್ಟನ್ನೂ ತರಿಸಿದ್ದೆ. ಹೊಡೆಸಿದರೆ ಅವನು ಯೋಚನೆ ಮಾಡುತ್ತಾನೆ. ಆ ಗುರುವಾರ ಯಾಕೆ ಅಷ್ಟು ಹೊತ್ತು ನಿಲ್ಲಿಸಿಕೊಂಡರು, ಈಗ ಯಾಕೆ ಅಳಿಸುತ್ತಿದ್ದಾರೆ ಎಂದು. ಬಕೆಟ್ಟು ಹಿತ್ತಲಲ್ಲಿದೆ.

ಮೊನ್ನೆ ಬಂದಿದ್ದ. ಗಡ್ಡ ಬಿಟ್ಟಿದ್ದಾನೆ. 'ಅವಳು ಮತ್ತೆ ಆ ಊರಿಗೇ ಹೋಗಿರ್ತಾಳೆ ಅಣ್ಣಾ. ಒಂದು ವಾರ ಅಲ್ಲೇ ಇದ್ದು ಬೀದಿ ಬೀದಿ ನೋಡ್ಕೊಂಡು ಬರೋಣ ಅಂತಿದೀನಿ. ನಿಮಗೆ ತಿಳಿಯದ ವಿಚಾರ ಉಂಟಾ? ಒಂದು ಸುಳಿವು ಕೊಡಿ' ಎಂದ.

ನನಗೆ ಗೊತ್ತಿಲ್ಲಪ್ಪ ಎಂದೆ. ಈ ಊರಿನಲ್ಲಿ ನಾನು ಆ ಮಾತು ಹೇಳಿದ್ದು ಅದೇ ಮೊದಲಿರಬೇಕು. ಅವನು ನಂಬಲಿಲ್ಲ. ನನ್ನ ಮುಖವನ್ನೇ ನೋಡುತ್ತ ನಿಂತ.

ಅವನನ್ನು ಗೋಡೆಯ ಹತ್ತಿರ ಕರೆದುಕೊಂಡು ಹೋದೆ. 'ಬಿಸಿಲಿಗೆ ಬಣ್ಣ ಹೋಗ್ತಿದೆ ನೋಡು, ನೆರಳು ಮಸುಕಾಗಿದೆ. ನಾಳೆಯಿಂದ ಹೊಸದಾಗಿ ಶುರು ಮಾಡು. ದಿನಗೂಲಿ ಕೊಡ್ತೀನಿ' ಎಂದೆ. 'ಊರಿಗೆ ಹೋಗಿ ಬಂದು ಬರೀತೀನಿ ಅಣ್ಣಾ' ಎಂದ. 'ಇಲ್ಲ, ನಾಳೇನೇ. ಜನ ನಗ್ತಿದಾರೆ, ನನ್ನ ಮಾನದ ಪ್ರಶ್ನೆ' ಎಂದೆ. ಆ ಮಾತನ್ನು ಮಾತ್ರ ನಂಬಿದ.

ಈಗ ಏಣಿಯ ಮೇಲಿದ್ದಾನೆ. ನಾನು ಕೆಳಗೆ ಕುರ್ಚಿ ಹಾಕಿಕೊಂಡು ಮೊಣಕಾಲ ಮೇಲಿಟ್ಟು ಇದನ್ನು ಬರೆಯುತ್ತಿದ್ದೇನೆ. ಎದುರಿನ ಅಂಗಡಿಯವರು ಒಬ್ಬರಿಗೊಬ್ಬರು ಕಣ್ಣು ಹೊಡೆಯುತ್ತಿದ್ದಾರೆ. ಬೇಕಂತಲೇ ನಿಧಾನವಾಗಿ ಬರೆಸುತ್ತಿದ್ದೇನೆ. ಆದರೂ ಕೊನೆಯ ಸಾಲಿಗೆ ಬಂದುಬಿಟ್ಟ. ಈಗಷ್ಟೇ ಕುಂಚ ಒರೆಸಿಕೊಂಡು, 'ಆಯ್ತಲ್ಲ ಅಣ್ಣಾ, ಇಳೀಲಾ?' ಎಂದ.

ಅವನು ಏಣಿಯ ಮೇಲೆ ಇರುವಷ್ಟು ಹೊತ್ತು ಬಸ್ಸು ಹತ್ತುವುದಿಲ್ಲ.

ಇನ್ನೂ ಒಂದು ಬಿರುದು ಬಾಕಿ ಇದೆ ಎಂದೆ.

ನಿನ್ನ ಮಾವ